ಹಬಶಿಯ ಚಿತ್ರ, ಸಿದ್ದಿಯ ಡಮಾಮಿ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಸಾಲಿಗೆ ಅಂಟಿಕೊಂಡಂತಿರುವ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಒಂದು ಮ್ಯೂಸಿಯಂ ಇದೆ. 1953ರಲ್ಲಿ ಹುಟ್ಟಿದ ಆ ಕಂಪನಿ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿತು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. 2019ರ ಹೊತ್ತಿಗೆ ಆ ಗಡಿಯಾರಗಳು ಮ್ಯೂಸಿಯಂ ಸೇರಿದ್ದವು. ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು, ತಮ್ಮ ಕೈ ಹಾದುಹೋದ ವಸ್ತು ಇದು ಎಂದು ತೋರಿಸಬಹುದು. ಒಂದು ದುಡಿಮೆಯ ಬದುಕಿಗೆ ಇಷ್ಟು ಬೇಗ ಇಂಥ ಗೌರವ ಸಿಕ್ಕಿದ್ದು ದೊಡ್ಡ ಮಾತು.

ಪೀಣ್ಯವನ್ನು ಸೀಳಿಕೊಂಡು ಹೋಗುವ ತುಮಕೂರು ರಸ್ತೆಯನ್ನೇ ಹಿಡಿದು ಹೊರಟರೆ ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿ ಸಿಗುತ್ತದೆ. ಅಲ್ಲಿಂದ ಕಲಘಟಗಿಯ ಮೇಲೆ ಇಳಿದರೆ ಯಲ್ಲಾಪುರದ ಕಾಡು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲ್ಲೂಕುಗಳಲ್ಲಿ, ಇತ್ತ ಕಲಘಟಗಿಯಲ್ಲಿ, ಅತ್ತ ಬೆಳಗಾವಿಯ ಖಾನಾಪುರದಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂವರನ್ನೂ ಒಂದೇ ಅಂಗಳಕ್ಕೆ ಕರೆತರುವುದು ಡಮಾಮಿ, ಮರದ ಮೈಗೆ ಚರ್ಮ ಬಿಗಿದ ಡೋಲು. ಅದರ ಹೆಸರೇ ಅವರ ಕುಣಿತಕ್ಕೂ ಬಂದಿದೆ.

ಗಡಿಯಾರಕ್ಕೆ ಮೂರು ವರ್ಷದಲ್ಲಿ ಸಿಕ್ಕಿದ ಮನೆಗಾಗಿ ಡಮಾಮಿ ನೂರಾರು ವರ್ಷಗಳಿಂದ ಕಾಯುತ್ತಿದೆ. ಈ ಲೇಖನ ಆ ಕಾಯುವಿಕೆಯ ಕಥೆ.

ಕನ್ನಡ ನೆಲಕ್ಕೆ ಆಫ್ರಿಕದ ಜನ ಬಂದದ್ದು ಎರಡು ಬಾಗಿಲುಗಳಿಂದ. ಒಂದು ದಖ್ಖನಿನ ಸುಲ್ತಾನರ ಆಸ್ಥಾನ. ಇಥಿಯೋಪಿಯದ ಕಡೆಯಿಂದ ಗುಲಾಮರಾಗಿ ಮಾರಾಟವಾದ ಹುಡುಗರು ಅರಬ್ ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ ಬೀದರ, ಬಿಜಾಪುರ, ಅಹ್ಮದನಗರಗಳಲ್ಲಿ ಸೈನಿಕರಾದರು. ಅಲ್ಲಿ ಅವರನ್ನು ಹಬಶಿಗಳು ಎಂದು ಕರೆಯುತ್ತಿದ್ದರು. ಗುಲಾಮನಾಗಿ ಬಂದವನು ಸರದಾರನಾಗುವುದಕ್ಕೆ ಅಲ್ಲಿ ಅಡ್ಡಿ ಇರಲಿಲ್ಲ. 1580ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಬಿಜಾಪುರದ ಗದ್ದುಗೆಗೆ ಬಂದಾಗ ಅವನಿನ್ನೂ ಒಂಬತ್ತು ವರ್ಷದ ಬಾಲಕ. ಅವನು ದೊಡ್ಡವನಾಗುವ ತನಕ ಅಧಿಕಾರಕ್ಕಾಗಿ ಹೊಡೆದಾಡಿದವರಲ್ಲಿ ಹಬಶಿ ಸರದಾರರೇ ಮುಂದಿದ್ದರು. ಅವರಲ್ಲೊಬ್ಬನಾದ ದಿಲಾವರ್ ಖಾನ್ ಹಲವು ವರ್ಷ ರಾಜ್ಯದ ಲಗಾಮು ಹಿಡಿದಿದ್ದ. ಮುಂದೆ ಇದೇ ಇಬ್ರಾಹಿಂ ಸಂಗೀತಕ್ಕೆ ಮನಸೋತು, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ‘ಕಿತಾಬ್-ಎ-ನೌರಸ್’ ರಚಿಸಿದ್ದು ಎಲ್ಲರಿಗೂ ಗೊತ್ತು. ಆ ಸಂಗೀತಗಾರ ದೊರೆ ಬಾಲ್ಯ ಕಳೆದದ್ದು ಹಬಶಿಗಳ ಆಳ್ವಿಕೆಯ ನೆರಳಿನಲ್ಲಿ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಅವನ ಮಗ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಬಿರುದು ಪಡೆದ ಹಬಶಿಯೊಬ್ಬ ಆಡಳಿತದ ತುದಿಗೇರಿದ. 1645ರ ಸುಮಾರಿಗೆ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಕಲಾವಿದರು ಬರೆದ ಚಿತ್ರವೊಂದಿದೆ. ಆನೆಯ ಮೇಲೆ ಸುಲ್ತಾನ ಕೂತಿದ್ದಾನೆ, ಅವನ ಬೆನ್ನಹಿಂದೆ ಇಖ್ಲಾಸ್ ಖಾನ್. ಅವನ ಕಪ್ಪು ಮೈಬಣ್ಣವನ್ನು ಕಲಾವಿದರು ತಿಳಿಯಾಗಿಸಿಲ್ಲ, ಮುಖವನ್ನು ವಿಕಾರ ಮಾಡಿಲ್ಲ. ಅಧಿಕಾರದ ಹತ್ತಿರ ಕೂತ ಮನುಷ್ಯನನ್ನು ಇದ್ದ ಹಾಗೆ ಬರೆದಿದ್ದಾರೆ. ಅಟ್ಲಾಂಟಿಕ್ ಸಾಗರದ ಆಚೆ ಈಚೆ ಕಪ್ಪು ಜನರನ್ನು ಹಡಗಿನ ತಳದಲ್ಲಿ ಸರಕಿನಂತೆ ಒಟ್ಟುತ್ತಿದ್ದ ಶತಮಾನದಲ್ಲಿ ಬಿಜಾಪುರದ ಕುಂಚ ಈ ಚಿತ್ರವನ್ನು ಬರೆಯಿತು. ಬಿಜಾಪುರದ ವ್ಯವಸ್ಥೆಯೂ ಮನುಷ್ಯರನ್ನು ಕೊಂಡು ಮಾರಿದ್ದೇ. ಅದನ್ನು ಮರೆಸಿ ಹೊಗಳುವುದು ಬೇಡ. ಆದರೂ ಆ ಚಿತ್ರ ಒಂದು ದೊಡ್ಡ ಸಾಕ್ಷಿ.

ಈ ಚಿತ್ರ ಮುಂದೆ ಬ್ರಿಟಿಷ್ ಕಲಾವಿದ ಹೊವಾರ್ಡ್ ಹಾಡ್ಕಿನ್ ಅವರ ಸಂಗ್ರಹ ಸೇರಿತು. ಇಖ್ಲಾಸ್ ಖಾನನ ಇನ್ನೊಂದು ಭಾವಚಿತ್ರ ಅಮೆರಿಕದ ಸ್ಯಾನ್ ಡಿಯಾಗೊ ಕಲಾ ಮ್ಯೂಸಿಯಂನಲ್ಲಿದೆ. ಇತ್ತ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹ ಮಲಗಿರುವ ಗೋಳಗುಮ್ಮಟದ ಮುಂದೆಯೇ ನಗಾರಖಾನೆಯಿದೆ. ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಆ ಕಟ್ಟಡದಲ್ಲಿ 1892ರಿಂದ ಮ್ಯೂಸಿಯಂ ನಡೆಯುತ್ತಿದೆ. ಬಿಜಾಪುರದ ಹುಡುಗನೊಬ್ಬ ಅಲ್ಲಿಗೆ ಹೋದರೆ ಶಾಸನ ಕಾಣುತ್ತಾನೆ, ಆಯುಧ ಕಾಣುತ್ತಾನೆ. ಆ ಊರನ್ನು ಆಳಿದ ಕಪ್ಪು ಸರದಾರನ ಮುಖವನ್ನು ನೋಡಬೇಕಾದರೆ ಅವನು ಸಾಗರ ದಾಟಬೇಕು.

ಎರಡನೆಯ ಬಾಗಿಲು ಗೋವಾ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು. ಅದಕ್ಕೂ ಕೊಂಚ ಮೊದಲೇ ಅವರು ಮೊಜಾಂಬಿಕ್ ತೀರದಲ್ಲಿ ನೆಲೆಯೂರಿದ್ದರು. 1583ರಿಂದ 1588ರವರೆಗೆ ಗೋವಾದಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಖೋಟನ್, ಮೊಜಾಂಬಿಕ್‌ನಿಂದ ತಂದ ಗುಲಾಮರು ಅಲ್ಲಿನ ಪೇಟೆಯಲ್ಲಿ ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಈ ಬಾಗಿಲಿನಿಂದ ಬಂದವರಿಗೆ ಆನೆಯ ಅಂಬಾರಿ ಸಿಗಲಿಲ್ಲ. ಮನೆಚಾಕರಿ, ಹೊರೆ, ಏಟು ಇಷ್ಟೇ ಸಿಕ್ಕಿದ್ದು. ಧೈರ್ಯ ಮಾಡಿದವರು ಓಡಿದರು. ಪೋರ್ಚುಗೀಸರ ಕೈ ನಿಲುಕದ ಘಟ್ಟದ ಕಾಡು ಹತ್ತಿರದಲ್ಲೇ ಇತ್ತು. ಇಂದಿನ ಉತ್ತರ ಕನ್ನಡದ ದಟ್ಟಡವಿಯಲ್ಲಿ ಅವರು ಗುಡಿಸಲು ಕಟ್ಟಿದರು, ಕುಮರಿ ಬೇಸಾಯ ಮಾಡಿದರು, ಜೇನು ಇಳಿಸಿದರು, ಅಡಿಕೆ ತೋಟಗಳಲ್ಲಿ ಕೂಲಿಗೆ ನಿಂತರು. ಬ್ರಿಟಿಷರ ಆಳ್ವಿಕೆಯಲ್ಲಿ 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಕೆನರಾ ಗೆಜೆಟಿಯರ್ ಅವರನ್ನು ಗುರುತಿಸಿತು. ಅಂದಿನ ಗೆಜೆಟಿಯರುಗಳ ರೀತಿಯೇ ಹಾಗೆ: ಮೈಬಣ್ಣ, ಕೂದಲು, ಕಸುಬು ದಾಖಲಾಗುತ್ತವೆ, ಹಾಡಿದವರ ಹೆಸರು ಇರುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ತಂಡ 2011ರಲ್ಲಿ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಅವರ ಪೂರ್ವಿಕರ ನಂಟು ಆಫ್ರಿಕದ ಬಂಟು ಜನರೊಂದಿಗಿದೆ ಎಂದು ಸಾರಿತು. ಡಮಾಮಿ ಬಾರಿಸುವವರಿಗೆ ಅದು ಹೊಸ ಸುದ್ದಿಯೇನಲ್ಲ.

ಓಡಿಬಂದವರ ಕೈಯಲ್ಲಿ ಗಂಟುಮೂಟೆ ಇರಲಿಲ್ಲ. ತಾಯ್ನುಡಿ ಒಂದೆರಡು ತಲೆಮಾರಿನಲ್ಲಿ ಕರಗಿ, ಕೊಂಕಣಿ, ಕನ್ನಡ, ಮರಾಠಿ, ಉರ್ದು ಅದರ ಜಾಗಕ್ಕೆ ಬಂದವು. ದೇವರುಗಳೂ ಊರಿನವರ ದೇವರುಗಳಾದರು. ಉಳಿದದ್ದು ಮೈಯಲ್ಲಿ ಇಟ್ಟುಕೊಂಡು ತಂದದ್ದು ಮಾತ್ರ: ತಾಳ, ಹೆಜ್ಜೆ, ಸತ್ತ ಹಿರಿಯರನ್ನು ಮನೆಯೊಳಗೇ ಇರಿಸಿಕೊಂಡು ಪೂಜಿಸುವ ರೂಢಿ, ಹಳೆಯ ಬಟ್ಟೆಗೆ ಹೊಸ ರೂಪ ಕೊಡುವ ಕಣ್ಣು. ಹೆಂಗಸರು ಪುಗಡಿ ಎಂಬ ಕುಣಿತ ಆಡುತ್ತಾರೆ. ಡಮಾಮಿಯ ಸುತ್ತ ಗಂಡಸರು ಹೆಂಗಸರೆನ್ನದೆ ಸೇರುತ್ತಾರೆ. ಮನರಂಜನೆ ಎಂಬ ಮಾತು ಇದಕ್ಕೆ ಸಾಲದು. ದಿನವಿಡೀ ಒಡೆಯನ ತೋಟದಲ್ಲಿ ಬಗ್ಗಿದ ಬೆನ್ನು ರಾತ್ರಿ ತನ್ನವರ ನಡುವೆ ನೆಟ್ಟಗಾಗುತ್ತಿದ್ದದ್ದು ಅಲ್ಲಿ.

ಬಟ್ಟೆಯ ವಿಷಯಕ್ಕೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಇದೆ. ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅದರ ಒಡಹುಟ್ಟು, ಆದರೆ ಹೊಲಿಯುವ ಬಗೆ ಬೇರೆ. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಹರಿದ ಸೀರೆ, ಅಂಗಿ, ಮಕ್ಕಳ ಲಂಗ ಎಲ್ಲವೂ ತುಣುಕುಗಳಾಗಿ ಅದರಲ್ಲಿ ಕೂರುತ್ತವೆ. ನಾಲ್ಕು ಮೂಲೆಗೂ ಮಡಚಿದ ಸಣ್ಣ ಬಟ್ಟೆಯ ಫೂಲಾ ಇಡಬೇಕು. ಫೂಲಾ ಇಲ್ಲದ ಕವಂದಿ ಬತ್ತಲೆ ಎಂದು ಅವರು ಭಾವಿಸುತ್ತಾರೆ. ಆಫ್ರಿಕದ ಕಲೆಯನ್ನು ಜೀವನವಿಡೀ ಅಭ್ಯಾಸ ಮಾಡಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ 2000ರ ದಶಕದಲ್ಲಿ ಉತ್ತರ ಕನ್ನಡಕ್ಕೆ ಬಂದು ಈ ಹೊಲಿಗೆಗೆ ಬೆರಗಾದರು. ಹೊಲಿಯುವ ಹೆಂಗಸರ ಸಹಕಾರ ಸಂಘವೊಂದು ಕಟ್ಟಿಕೊಂಡಿತು. ಕವಂದಿಗಳು ಸ್ಯಾನ್ ಫ್ರಾನ್ಸಿಸ್ಕೊದ ಆಫ್ರಿಕನ್ ಡಯಾಸ್ಪೊರಾ ಮ್ಯೂಸಿಯಂನ ಗೋಡೆಗಳನ್ನೂ, ನ್ಯೂಯಾರ್ಕಿನ ಹಾರ್ಲೆಂನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಗಳನ್ನೂ ಏರಿದವು. ಮಳೆಗಾಲದ ಚಳಿಗೆ ಹೊದೆಯುವ ಬಟ್ಟೆ ಕಲಾಕೃತಿಯೆಂದು ಅಲ್ಲಿ ಕರೆಸಿಕೊಂಡಿತು. ಬೆಂಗಳೂರಿನಲ್ಲಿ ಅದು ಮೊದಲು ಆಗಬೇಕಿತ್ತು.

ಈ ಶೋಂಬರ್ಗ್ ಕೇಂದ್ರದ ಹಿಂದೆ ಒಬ್ಬ ಮನುಷ್ಯನ ಛಲವಿದೆ. ಆರ್ಟುರೊ ಶೋಂಬರ್ಗ್ ಪೋರ್ಟೊರಿಕೊದಲ್ಲಿ ಹುಟ್ಟಿದವರು. ಕಪ್ಪು ಜನರಿಗೆ ಇತಿಹಾಸವೇ ಇಲ್ಲವೆಂದು ಶಾಲೆಯಲ್ಲಿ ಶಿಕ್ಷಕರೊಬ್ಬರು ಹೇಳಿದ ಮಾತು ಅವರ ಮನಸ್ಸನ್ನು ಚುಚ್ಚಿತು ಎಂಬ ಪ್ರತೀತಿಯಿದೆ. ನ್ಯೂಯಾರ್ಕಿಗೆ ಬಂದು ಗುಮಾಸ್ತಿಕೆ ಮಾಡುತ್ತಲೇ ಪುಸ್ತಕ, ಹಸ್ತಪ್ರತಿ, ಚಿತ್ರ, ಕರಪತ್ರಗಳನ್ನು ಸಾವಿರಗಟ್ಟಲೆ ಕೂಡಿಹಾಕಿದರು. 1926ರಲ್ಲಿ ಕಾರ್ನೆಗಿ ಕಾರ್ಪೊರೇಷನ್ ಕೊಟ್ಟ 10,000 ಡಾಲರಿನಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಆ ಸಂಗ್ರಹವನ್ನು ಕೊಂಡು ಹಾರ್ಲೆಂ ಶಾಖೆಯಲ್ಲಿ ಇಟ್ಟಿತು. ಜಾಸ್ ಸಂಗೀತ, ನಾಟಕ, ಕುಣಿತ ಆ ಬೀದಿಗಳಲ್ಲಿ ಉಕ್ಕುತ್ತಿದ್ದ ಕಾಲವದು.

ಬಹಳ ದಿನ ಅಮೆರಿಕದ ದೊಡ್ಡ ಮ್ಯೂಸಿಯಂಗಳು ಕಪ್ಪು ಕಲಾವಿದರ ವಸ್ತುಗಳತ್ತ ತಿರುಗಿಯೂ ನೋಡಲಿಲ್ಲ. ಅವರ ಹಾಡಿಗೆ ಇಡೀ ದೇಶ ಕುಣಿಯಿತು, ಅವರ ವಾದ್ಯ, ಪತ್ರ, ಉಡುಪುಗಳು ಮನೆಗಳ ಅಟ್ಟದಲ್ಲಿ ಧೂಳು ತಿಂದವು. 2003ರಲ್ಲಿ ಕಾನೂನಾಗಿ, ವಾಷಿಂಗ್ಟನ್ನಿನಲ್ಲಿ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂ ಕಟ್ಟಬೇಕೆಂದಾಯಿತು; ಮುಂದೆ ಅದರ ನಿರ್ದೇಶಕರಾಗಿ ಬಂದ ಲಾನಿ ಬಂಚ್ ಅವರ ಕೈಯಲ್ಲಿ ಆಗ ಒಂದು ವಸ್ತುವೂ ಇರಲಿಲ್ಲ. 2008ರಲ್ಲಿ ಅವರ ತಂಡ ಊರೂರಿಗೆ ಹೋಗಿ, ನಿಮ್ಮ ಮನೆಯ ಹಳೆಯ ವಸ್ತುಗಳನ್ನು ತನ್ನಿ, ಅವನ್ನು ಕಾಪಾಡುವ ಬಗೆ ಹೇಳಿಕೊಡುತ್ತೇವೆ ಎಂದು ಜನರನ್ನು ಕರೆಯಿತು. ಅಜ್ಜಿಯ ಶಾಲು, ಅಪ್ಪನ ತುತ್ತೂರಿ, ನಾಟಕದ ಭಿತ್ತಿಪತ್ರ ಹೀಗೆ ಬೆಳಕಿಗೆ ಬಂದವು. 2016ರ ಸೆಪ್ಟೆಂಬರ್ 24ರಂದು ಬಾಗಿಲು ತೆರೆದಾಗ ಅಲ್ಲಿ ಗಾಯಕ ಚಕ್ ಬೆರ್ರಿಯ ಕೆಂಪು ಕ್ಯಾಡಿಲಾಕ್ ಕಾರು ಇತ್ತು. ಅದಕ್ಕಿಂತ ಹೆಚ್ಚಿನ ಬೆಲೆಯದು, ಹೆಸರೇ ಕೇಳದ ಮನೆಗಳು ನಂಬಿ ಕೊಟ್ಟ ವಸ್ತುಗಳು. ನಾವು ಕಲಿಯಬೇಕಾದ್ದು ಈ ಕೆಲಸದ ರೀತಿ.

ನಮ್ಮಲ್ಲಿ ಏನೂ ಆಗಿಲ್ಲವೆಂದರೆ ಸುಳ್ಳಾಗುತ್ತದೆ. ಸಂಶೋಧಕ ಪಾಲಾಕ್ಷಪ್ಪನವರು 1976ರಲ್ಲೇ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಪುಸ್ತಕ ಬರೆದರು. 1984ರಲ್ಲಿ ಸಿಪ್ರಿಯನ್ ಲೋಬೊ ಅವರ ಅಧ್ಯಯನ ಬಂತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ತರಬೇತಿಗೆ ಕರೆತಂದಿತು. 1993ರಲ್ಲಿ ಆ ಯೋಜನೆ ನಿಂತುಹೋಯಿತು, ಓಡಿ ಗೆದ್ದ ಮಕ್ಕಳು ಊರಿಗೆ ಮರಳಿದರು. ಅಧಿಕಾರಿಗಳು ಕಂಡದ್ದು ಅವರ ಕಾಲಿನ ಬಲವನ್ನು.

ಅದೇ ಕಾಲದಲ್ಲಿ ರಂಗಭೂಮಿ ಅವರ ದನಿಯನ್ನು ಕಂಡಿತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತಿನ ಸಿದ್ದಿಗಳನ್ನು ಕಟ್ಟಿಕೊಂಡು ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ನೈಜೀರಿಯದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ರಂಗರೂಪ ಅದು. ಪಶ್ಚಿಮ ಆಫ್ರಿಕದ ಹಳ್ಳಿಯೊಂದು ಬಿಳಿಯರ ಆಗಮನದಿಂದ ಒಡೆದುಹೋದ ಕಥೆಯನ್ನು, ಪೂರ್ವ ಆಫ್ರಿಕದಿಂದ ಕಿತ್ತು ತಂದವರ ಮರಿಮಕ್ಕಳು, ಕನ್ನಡದಲ್ಲಿ, ಘಟ್ಟದ ಮೇಲೆ ಆಡಿದರು. ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಘಟನೆ ನನಗಂತೂ ಬೇರೆ ಕಾಣುವುದಿಲ್ಲ. ತೋಟದ ಆಳೆಂದು ಊರು ನೋಡುತ್ತಿದ್ದವರು ದೀಪದ ಬೆಳಕಿನಲ್ಲಿ ನಾಯಕರಾಗಿ ನಿಂತರು, ಕೆಳಗೆ ಕೂತ ಊರು ತಲೆಯೆತ್ತಿ ನೋಡಿತು. ಮುಂದಿನ ತಲೆಮಾರಿನಲ್ಲಿ ನೀನಾಸಂನಲ್ಲಿ ಪಳಗಿದ ಗಿರಿಜಾ ಸಿದ್ದಿ ಹಾಡಿ ನಟಿಸಿ ಹೆಸರಾದರು, ಪ್ರಶಾಂತ್ ಸಿದ್ದಿ ‘ಪರಮಾತ್ಮ’ದಂಥ ಚಿತ್ರಗಳಿಂದ ಊರೂರಿಗೆ ಪರಿಚಿತರಾದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು, 2020ರಲ್ಲಿ ಅದು ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ ಹರಡಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಶಾಸನಸಭೆಯೊಂದರಲ್ಲಿ ಕೂತ ಮೊದಲ ಸಿದ್ದಿಯಾದರು.

ಅದಕ್ಕೂ ಮುಂಚೆ ಇತಿಹಾಸದ ಎರಡೂ ಬಾಗಿಲುಗಳು ಒಂದು ಕಡೆ ಕೂಡಿದ್ದವು, ಅದೂ ಮ್ಯೂಸಿಯಂ ಕೆಲಸದಿಂದಲೇ. 2013ರಲ್ಲಿ ಶೋಂಬರ್ಗ್ ಕೇಂದ್ರ ಭಾರತದಲ್ಲಿನ ಆಫ್ರಿಕನ್ನರ ಬಗ್ಗೆ, ಗುಲಾಮರಾಗಿ ಬಂದವರು ದಂಡನಾಯಕರೂ ಆಳುವವರೂ ಆದ ಕಥೆಯ ಬಗ್ಗೆ, ಪ್ರದರ್ಶನ ಏರ್ಪಡಿಸಿತು. ಸಿಲ್ವಿಯಾನ್ ಡಿಯೂಫ್ ಮತ್ತು ಕೆನೆತ್ ರಾಬಿನ್ಸ್ ಅದನ್ನು ಕಟ್ಟಿದರು. ಕವಂದಿಗಳು ಏರಿದ್ದ ಹಾರ್ಲೆಂನ ಗೋಡೆಗೆ ದಖ್ಖನಿನ ಹಬಶಿಗಳ ಮುಖಗಳೂ ಬಂದವು. 2014ರ ಅಕ್ಟೋಬರಿನಲ್ಲಿ ಅದೇ ಪ್ರದರ್ಶನ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಬಂತು. ತಮ್ಮದೆಂದೂ ಗೊತ್ತಿರದ ಚರಿತ್ರೆಯೊಂದು ಭಾರತೀಯರ ಎದುರು ನಿಂತಿತು.

ಕುಣಿತವನ್ನು, ಹಾಡನ್ನು ಕಟ್ಟಡದೊಳಗೆ ಕಾಪಾಡುವ ಅನುಭವ ಕರ್ನಾಟಕಕ್ಕೆ ಇಲ್ಲದ್ದಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲೇ ಹುಟ್ಟಿತು. ಪಿ.ಆರ್. ತಿಪ್ಪೇಸ್ವಾಮಿ, ಜೀಶಂಪ ಮೊದಲಾದವರು ಹಳ್ಳಿಹಳ್ಳಿ ಸುತ್ತಿ ತಂದ ತೊಗಲುಗೊಂಬೆ, ಯಕ್ಷಗಾನದ ವೇಷ, ಸೋಮನ ಮುಖಗಳು ಜಯಲಕ್ಷ್ಮೀವಿಲಾಸದಲ್ಲಿ ನೆಲೆಗೊಂಡವು. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದಲ್ಲಿ ಜಾನಪದ ಲೋಕ ತೆರೆದರು. ಧ್ವನಿಮುದ್ರಣವನ್ನು ಅವರು ವಸ್ತುಗಳಷ್ಟೇ ಶ್ರದ್ಧೆಯಿಂದ ಕೂಡಿಟ್ಟರು. ಹಾಡುವವರು ಹೋದ ಮೇಲೆ ವಾದ್ಯವೊಂದೇ ಏನನ್ನೂ ಹೇಳಲಾರದು ಎಂಬುದು ಅವರಿಗೆ ಗೊತ್ತಿತ್ತು. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಹುಟ್ಟಿತು. ಅಲ್ಲಿಂದ ಮುಂಡಗೋಡದ ಸಿದ್ದಿಗಳ ಊರುಗಳು ದೂರವಿಲ್ಲ.

ಹಾಗಾದರೆ ಡಮಾಮಿಗೆ ಏನು ಬೇಕು? ಗಾಜಿನ ಪೆಟ್ಟಿಗೆಯಲ್ಲಿ ಒಂದು ಡೋಲು, ಪಕ್ಕದಲ್ಲಿ ‘ಸಿದ್ದಿ ನೃತ್ಯ’ ಎಂಬ ಚೀಟಿ ಅಂಟಿಸಿದರೆ ಗೆಜೆಟಿಯರ್ ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ. ಪ್ರತಿ ಫೋಟೊದ ಕೆಳಗೆ ಅಲ್ಲಿರುವವರ ಹೆಸರು, ಊರು, ವರ್ಷ ಇರಬೇಕು. ಈ ಡೋಲು ಯಾವ ಮರದ್ದು, ಕೆತ್ತಿದವರು ಯಾರು, ಈ ಹಾಡನ್ನು ಯಾವ ಅಜ್ಜಿ ಯಾರಿಂದ ಕಲಿತರು ಎಂಬುದು ಅವರ ದನಿಯಲ್ಲೇ ಕೇಳಬೇಕು. ಸರ್ಕಾರಿ ಉತ್ಸವಗಳ ಮೆರವಣಿಗೆಯಲ್ಲಿ ಸೊಪ್ಪು ಸುತ್ತಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಬರುವ ಸಿದ್ದಿ ತಂಡಗಳನ್ನು ನಾವು ನೋಡುತ್ತೇವೆ. ತಮ್ಮ ಅಂಗಳದಲ್ಲಿ ಅವರು ಕುಣಿಯುವುದು ಸೀರೆಯುಟ್ಟು, ಅಂಗಿ ತೊಟ್ಟು. ನಮ್ಮ ಕಣ್ಣಿಗೆ ಬೇಕಾದ ಆಫ್ರಿಕವನ್ನು ನಾವು ಅವರ ಮೈಮೇಲೆ ಹೊರಿಸಿದ್ದೇವೆ. ಒಳ್ಳೆಯ ಮ್ಯೂಸಿಯಂ ಎರಡೂ ಉಡುಪನ್ನು ಅಕ್ಕಪಕ್ಕ ಇಟ್ಟು, ಮೊದಲನೆಯದು ಯಾರಿಗಾಗಿ ಹುಟ್ಟಿತೆಂದು ಹೇಳುವ ಧೈರ್ಯ ಮಾಡುತ್ತದೆ. ಆ ಮ್ಯೂಸಿಯಂ ಯಲ್ಲಾಪುರ ಅಥವಾ ಹಳಿಯಾಳದಲ್ಲಿ, ಜನರ ನಡುವೆ ಇರಬೇಕು. ಅದರ ಕೀಲಿ ಸಿದ್ದಿಗಳ ಕೈಯಲ್ಲೇ ಇರಬೇಕು. ಹಬ್ಬ ಬಂದಾಗ ಡೋಲು ಹೊರಗೆ ಹೋಗಿ, ಬಾರಿಸಿಕೊಂಡು, ಮತ್ತೆ ಒಳಗೆ ಬರಬೇಕು.

ಹಣದ ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ 2019ರಲ್ಲಿ ತೆರೆದದ್ದು ಕಟ್ಟಡ ನಿರ್ಮಾಣದ ಉದ್ದಿಮೆಯೊಂದರ ಬೆಂಬಲದಿಂದ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ, ಸಾಂಪ್ರದಾಯಿಕ ಕಲೆ ಹಾಗೂ ಕರಕುಶಲದ ಬೆಳವಣಿಗೆ ಆ ಪಟ್ಟಿಯಲ್ಲೇ ಇವೆ. ಪೀಣ್ಯದ ಘಟಕಗಳಲ್ಲಿ ಹೆಚ್ಚಿನವು ಸಣ್ಣವು, ಈ ಲೆಕ್ಕಕ್ಕೆ ಬರುವುದಿಲ್ಲ. ಬರುವ ಕಂಪನಿಗಳೂ ಇವೆ, ಅವುಗಳ ಯಂತ್ರಗಳ ಮುಂದೆ ಉತ್ತರ ಕರ್ನಾಟಕದಿಂದ ಬಂದ ಕೈಗಳು ದುಡಿಯುತ್ತಿವೆ. ದೊಡ್ಡ ಕಟ್ಟಡಕ್ಕಾಗಿ ಕಾಯಬೇಕಾಗಿಲ್ಲ. ಮೊದಲ ವರ್ಷಕ್ಕೆ ಒಂದು ಒಳ್ಳೆಯ ಧ್ವನಿಮುದ್ರಣ ಯಂತ್ರ, ಕ್ಯಾಮೆರಾ, ಸಂಬಳ ಕೊಟ್ಟು ತರಬೇತುಗೊಳಿಸಿದ ನಾಲ್ಕಾರು ಸಿದ್ದಿ ಯುವಕ ಯುವತಿಯರು, ಒದ್ದೆಯಾಗದ ಒಂದು ಕೋಣೆ ಸಾಕು. ಅವರು ಮೊದಲು ಹೋಗಬೇಕಾದದ್ದು ಮಂಚಿಕೇರಿಯ ಸುತ್ತಿನ ಮನೆಗಳಿಗೆ. ‘ಕಪ್ಪು ಜನ ಕೆಂಪು ನೆರಳು’ ಆಡಿದವರಿಗೆ ಈಗ ವಯಸ್ಸಾಗಿದೆ. ಯಾರು ಯಾವ ಪಾತ್ರ ಮಾಡಿದ್ದರು, ಡಮಾಮಿಯನ್ನು ಯಾರು ಬಾರಿಸಿದ್ದರು, ನಾಟಕ ನೋಡಿದ ಊರು ಮರುದಿನ ಅವರನ್ನು ಹೇಗೆ ಮಾತಾಡಿಸಿತು ಎಂದು ಅವರನ್ನೇ ಕೇಳಿ, ಬರೆದು, ಧ್ವನಿಯಲ್ಲಿ ಹಿಡಿದಿಡುವ ಕೆಲಸ ಈ ವರ್ಷವೇ ಶುರುವಾಗಬೇಕು.